ಫಾರಂ ಬಿದ್ದರೂ ಲೆಕ್ಕ ಬೀಳಬಾರದು



ಈ ಸಂಚಿಕೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ವಿಚಾರವನ್ನಾಗಲಿ, ಬಿಳಿ ಕಾಂಡಕೊರಕದ ವಿಚಾರವನ್ನಾಗಲಿ ನಾವು ಎತ್ತಿಕೊಂಡಿಲ್ಲ. ೨೦೨೫ರ ಡಿಸೆಂಬರ್ ತಿಂಗಳ ಮೊದಲ ಮೂರು ವಾರ ತಮ್ಮಲ್ಲಿ ಅನೇಕರು ಸಂಘದ ಕಛೇರಿಯಲ್ಲಿ ಗಂಟೆಗಟ್ಟಲೆ ಕಾದಿರಿ. ಕೆಲವರು ಬರಿಗೈಯಲ್ಲಿ ಹಿಂದಿರುಗಿದಿರಿ. ಕೇಳಿದವರಿಗೆಲ್ಲ "ಕಂಪ್ಯೂಟರ್ ಕೆಟ್ಟಿದೆ" ಎಂಬ ಒಂದೇ ಉತ್ತರ ಸಿಕ್ಕಿತು. ಸದಸ್ಯರ ಬೆಳೆಯನ್ನೂ ಹಣವನ್ನೂ ಕೈಯಲ್ಲಿ ಹಿಡಿದಿರುವ ಸಂಘ ಕೊಡಬೇಕಾದ ಉತ್ತರ ಅದಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ತಮ್ಮ ಮುಂದಿಟ್ಟು, ಅದರ ಮೇಲೆ ನಮ್ಮ ಅಭಿಪ್ರಾಯವನ್ನೂ ಹೇಳಬೇಕೆಂದಿದ್ದೇವೆ. ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೇ ಎಂಬುದನ್ನು ಮೊದಲಲ್ಲೇ ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ನಡೆದದ್ದೇನು

ನಮ್ಮ ಆವಕದ ಲೆಕ್ಕ ೨೦೧೧ರಿಂದ ಒಂದು ಎಕ್ಸೆಲ್ ಫಾರಂ ಮೇಲೆ ನಡೆಯುತ್ತಿತ್ತು. ಸದಸ್ಯರೊಬ್ಬರ ಮಗ, ಆಗ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ, ರಜೆಗೆ ಊರಿಗೆ ಬಂದಾಗ ಹತ್ತು ದಿನ ಕೂತು ಅದನ್ನು ಮಾಡಿಕೊಟ್ಟ. ಸಂಘ ಅವನಿಗೆ ಕೊಟ್ಟದ್ದು ಮಧ್ಯಾಹ್ನದ ಊಟ ಮತ್ತು ಎರಡು ಕಿಲೋ ಕಾಫಿಪುಡಿ. ಸದಸ್ಯರ ಹೆಸರನ್ನು ಪಟ್ಟಿಯಲ್ಲಿ ಆರಿಸಿ, ಮಾಲು ಯಾವುದೆಂದು ಗುರುತಿಸಿ, ತೂಕ ಹಾಕಿ, ಪಾರ್ಚ್‌ಮೆಂಟಿಗೆ ತೇವಾಂಶ, ಚೆರ್ರಿಗೆ ಓಟಿ, ಅಡಿಕೆಗೆ ರಾಶಿಯೋ ಬೆಟ್ಟೆಯೋ ಗೊರಬಲೋ ಸರಕೋ ಎಂದು ತುಂಬಿ "ಸೇರಿಸು" ಗುಂಡಿ ಒತ್ತಿದರೆ ಒಂದು ಸಾಲು ಲೆಕ್ಕದ ಹಾಳೆಗೆ ಸೇರುತ್ತಿತ್ತು. ಮುಂಗಡದ ಪಟ್ಟಿಯೂ ಬಡ್ಡಿಯ ತಃಖ್ತೆಯೂ ಅದರಿಂದಲೇ ಹೊರಡುತ್ತಿದ್ದವು. ಹದಿನಾಲ್ಕು ವರ್ಷ ಅದು ಮುನಿಸಿಕೊಂಡದ್ದು ಕರೆಂಟ್ ಹೋದಾಗ ಮಾತ್ರ.

ವಿಂಡೋಸ್ ೧೦ಕ್ಕೆ ತಯಾರಕರ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ನಮ್ಮ ಹಳೆಯ ಯಂತ್ರಗಳು ವಿಂಡೋಸ್ ೧೧ ಹಾಕಿಸಿಕೊಳ್ಳುವ ಯೋಗ್ಯತೆಯವಲ್ಲ. ಅವುಗಳಲ್ಲಿದ್ದ ಆಫೀಸ್ ೨೦೧೦ರ ಬೆಂಬಲವಂತೂ ೨೦೨೦ರ ಅಕ್ಟೋಬರ್‌ನಲ್ಲೇ ನಿಂತಿತ್ತು. ಹಣದ ಲೆಕ್ಕ ಇರುವ ಯಂತ್ರಕ್ಕೆ ಸುರಕ್ಷತೆಯ ತೇಪೆ ಬರುವುದು ನಿಂತರೆ ಅಪಾಯವೇ ಸರಿ. ಹೊಸ ಯಂತ್ರ ಕೊಳ್ಳುವ ತೀರ್ಮಾನದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಸಮಯದಲ್ಲಿ. ಒಂದು ವರ್ಷದ ಮಟ್ಟಿಗೆ ಹೆಚ್ಚುವರಿ ಸುರಕ್ಷತಾ ಸೌಲಭ್ಯ ಪಡೆದು ಕೊಯ್ಲು ಮುಗಿಯುವ ತನಕ ತಡೆಯಬಹುದಾಗಿತ್ತು. ಅದನ್ನು ವಿಚಾರಿಸದೆ ನವೆಂಬರ್ ಕೊನೆಯ ವಾರದಲ್ಲಿ ಮೂರು ಹೊಸ ಯಂತ್ರ ತಂದು, ಹಳೆಯವುಗಳಲ್ಲಿ ಎರಡನ್ನು ಬದಲಿಗೆ ಕೊಟ್ಟು, ಮೂರನೆಯದನ್ನು ಗೋಣಿಚೀಲದ ರಾಶಿಯ ಹಿಂದೆ ತಳ್ಳಿದೆವು. ಆ ಕಾಗದಕ್ಕೆ ರುಜು ಹಾಕಿದವರು ನಾವೇ. ಅರೇಬಿಕಾ ಹಣ್ಣು ಗಿಡದ ಮೇಲಿರುವಾಗ ಪಲ್ಪರ್ ಬಿಚ್ಚಿ ಹೊಸದು ಕೂರಿಸುವ ಬೆಳೆಗಾರ ನಮ್ಮಲ್ಲಿ ಒಬ್ಬನೂ ಇಲ್ಲ. ಕಛೇರಿಯಲ್ಲಿ ನಾವು ಮಾಡಿದ್ದು ಅದನ್ನೇ.

ಡಿಸೆಂಬರ್ ೧, ಸೋಮವಾರ. ಬಾಗಿಲಲ್ಲಿ ಜೀಪು, ಪಿಕಪ್ಪುಗಳ ಸಾಲು. ಫಾರಂ ತೆರೆಯಲೇ ಇಲ್ಲ. ೬೪ ಬಿಟ್ ವ್ಯವಸ್ಥೆಗೆ ತಕ್ಕಂತೆ ಒಳಗಿನ ಬರಹ ತಿದ್ದಬೇಕೆಂಬ ಸೂಚನೆ ಇಂಗ್ಲಿಷಿನಲ್ಲಿ ಬಂತು. ದಿನಾಂಕ ಆರಿಸುವ ಚಿಕ್ಕ ಕ್ಯಾಲೆಂಡರು ಮಾಯವಾಗಿತ್ತು. ಆ ದಿನದ ತೂಕವನ್ನೆಲ್ಲ ಕಾಗದದ ಮೇಲೆ ಬರೆದುಕೊಂಡೆವು. ಮರುದಿನ ಪೇಟೆಯಿಂದ ಕಂಪ್ಯೂಟರ್ ಬಲ್ಲವರೊಬ್ಬರನ್ನು ಕರೆಸಿದೆವು. ಅವರು ಐದಾರು ಸಾಲಿನಲ್ಲಿ ಒಂದೊಂದು ಪದ ಸೇರಿಸಿದರು; ಕ್ಯಾಲೆಂಡರಿನ ಜಾಗದಲ್ಲಿ ದಿನಾಂಕವನ್ನು ಕೈಯಲ್ಲಿ ಬರೆಯುವ ಖಾಲಿ ಚೌಕ ಇಟ್ಟರು. ಫಾರಂ ತೆರೆಯಿತು. ನಾವು ಸಂತೋಷಪಟ್ಟೆವು. ನಮ್ಮ ಅವಸರಕ್ಕೆ ತಕ್ಕ ಕೆಲಸ ಅವರು ಮಾಡಿದ್ದರು. ಹತ್ತು ಸಲ ಪರೀಕ್ಷಿಸಿ ನೋಡಿ ಎಂದು ನಾವು ಹೇಳಲಿಲ್ಲ, ಅದಕ್ಕೆ ಸಮಯವನ್ನೂ ಕೊಡಲಿಲ್ಲ.

ಅಂದಿನಿಂದ ನಿಜವಾದ ಫಜೀತಿ ಶುರುವಾಯಿತು. ದಿನಕ್ಕೆ ಮೂರು ಸಲ, ನಾಲ್ಕು ಸಲ ಎಕ್ಸೆಲ್ ಯಾವ ಸೂಚನೆಯೂ ಇಲ್ಲದೆ ತಾನಾಗಿ ಮುಚ್ಚಿಕೊಳ್ಳತೊಡಗಿತು. ಕಡೆಯ ಸಲ ಸೇವ್ ಮಾಡಿದ ಮೇಲೆ ತುಂಬಿದ್ದೆಲ್ಲ ಹೋಗುತ್ತಿತ್ತು.

ಎರಡೆಕರೆಯ ಸದಸ್ಯೆಯ ಕತೆ

ನಮ್ಮ ಸದಸ್ಯೆಯೊಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಎರಡೆಕರೆ ತೋಟವನ್ನು ಒಬ್ಬರೇ ನಡೆಸುತ್ತಿದ್ದಾರೆ. ಡಿಸೆಂಬರ್ ೯, ಮಂಗಳವಾರ ಮೂರು ಚೀಲ ಪಾರ್ಚ್‌ಮೆಂಟ್ ತಂದು ತೂಕ ಹಾಕಿಸಿ ಹೋದರು. ಶುಕ್ರವಾರ ಮುಂಗಡ ಪಡೆದು ಶನಿವಾರ ಹಣ್ಣು ಕುಯ್ದವರಿಗೆ ಬಟವಾಡೆ ಮಾಡಬೇಕಿತ್ತು. ಶುಕ್ರವಾರ ಬಂದರೆ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮಂಗಳವಾರ ಮಧ್ಯಾಹ್ನ ಎಕ್ಸೆಲ್ ಮುಚ್ಚಿಕೊಂಡಾಗ ಅವರ ಸಾಲೂ ಹೋಗಿತ್ತು. "ಸೋಮವಾರ ಬನ್ನಿ ಅಮ್ಮ, ನೋಡೋಣ" ಎಂದು ಕೌಂಟರಿನಲ್ಲಿ ಹೇಳಿ ಕಳಿಸಿದರು. ಕಾರ್ಬನ್ ಪ್ರತಿ ನಮ್ಮ ಫೈಲಿನಲ್ಲೇ ಇತ್ತು. ತೆಗೆದು ನೋಡುವ ಬುದ್ಧಿ ಯಾರಿಗೂ ಬರಲಿಲ್ಲ.

ಸೋಮವಾರ ಅವರು ತೂಕದ ಚೀಟಿ ಹಿಡಿದುಕೊಂಡು ನೇರವಾಗಿ ನಮ್ಮ ಕೋಣೆಗೆ ಬಂದರು. "ಕಂಪ್ಯೂಟರಿಗೆ ನನ್ನ ಗುರುತು ಸಿಗಲಿಲ್ಲವಂತೆ ಸೆಕ್ರೆಟ್ರಿಗಳೇ. ನಿಮಗಾದರೂ ಸಿಗ್ತದಾ?" ಎಂದರು.

ಮುಂಗಡ ಅಲ್ಲೇ ಕೊಟ್ಟೆವು. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಶನಿವಾರದ ಬಟವಾಡೆಗೆ ಅವರು ಪೇಟೆಯ ವ್ಯಾಪಾರಿಯೊಬ್ಬರಿಂದ ಕೈಗಡ ತಂದಿದ್ದರು. ಉಳಿದ ಫಸಲನ್ನು ಅವರಿಗೇ ಹಾಕುವ ಮಾತಿನ ಮೇಲೆ. ಅದರಂತೆ ಹಾಕಿದರು. ಆ ವರ್ಷದ ಅವರ ಫಸಲು ನಮ್ಮ ಸಂಘಕ್ಕೆ ಬಂದದ್ದು ಆ ಮೂರೇ ಚೀಲ. ದೊಡ್ಡ ಹಿಡುವಳಿದಾರರಿಗೆ ಮೂರು ದಿನ ತಡವಾದರೆ ಬೇಸರ ಮಾತ್ರ. ಎರಡೆಕರೆಯವರಿಗೆ ಅದು ವ್ಯಾಪಾರಿಯ ಮನೆಯ ದಾರಿ. ಆ ದಾರಿ ತಪ್ಪಿಸುವುದಕ್ಕೆಂದೇ ಸಹಕಾರ ಸಂಘ ಹುಟ್ಟಿದ್ದು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದಾಗಲೂ ರೈತನನ್ನು ಕೈಗಡದ ಬಾಧೆಯಿಂದ ಬಿಡಿಸುವುದೇ ಗುರಿಯಾಗಿತ್ತು.

ಗುಮಾಸ್ತರ ಚೀಟಿ ಪುಸ್ತಕ

ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಕೌಂಟರಿನ ಗುಮಾಸ್ತರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿದೆ. "ವಯಸ್ಸಾದವರು, ಮುಟ್ಟಬಾರದ್ದನ್ನು ಮುಟ್ಟಿರಬೇಕು" ಎಂಬ ಮಾತು ಕಛೇರಿಯಲ್ಲಿ ಎದ್ದಿತು. ಆಡಳಿತ ಮಂಡಳಿಯ ಸಭೆಯಲ್ಲಿ ಅವರಿಂದ ವಿವರಣೆ ಕೇಳಿದೆವು. ಅವರು ಎದುರು ಮಾತಾಡಲಿಲ್ಲ. ಜೇಬಿನಿಂದ ಒಂದು ಚೀಟಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಎಕ್ಸೆಲ್ ಮುಚ್ಚಿಕೊಂಡ ಪ್ರತಿ ಸಲವೂ ಎಷ್ಟು ಗಂಟೆಗೆ, ಯಾವ ಸದಸ್ಯರ ಲೆಕ್ಕ ತುಂಬುವಾಗ, ಕೈ ಎಲ್ಲಿತ್ತು ಎಂದು ಅದರಲ್ಲಿ ಬರೆದಿಟ್ಟಿದ್ದರು. ರೋಜು ಕೀರ್ದಿ ಬರೆದು ಪಳಗಿದ ಕೈ ಅದು.

ಆ ರಾತ್ರಿ ಪುಸ್ತಕವನ್ನು ಮನೆಗೆ ತಂದು ಓದಿದೆವು. ಪ್ರತಿಯೊಂದರಲ್ಲೂ ಒಂದೇ ಮಾತು: "ಹೆಸರಿನ ಪಟ್ಟಿ ಇಳಿಸುವಾಗ". ಸದಸ್ಯರ ಸಂಖ್ಯೆ ಟೈಪು ಮಾಡಿದಾಗ ಒಮ್ಮೆಯೂ ಬಿದ್ದಿಲ್ಲ. ಮೌಸಿನ ಚಕ್ರ ತಿರುಗಿಸಿ ಪಟ್ಟಿ ಸರಿಸಿದಾಗ ಮಾತ್ರ ಬಿದ್ದಿದೆ. ಬೆಳಿಗ್ಗೆ ಫಾರಂ ಮಾಡಿದ ಹುಡುಗನಿಗೆ (ಈಗ ಅವನು ಹುಡುಗನಲ್ಲ, ಎರಡು ಮಕ್ಕಳ ತಂದೆ) ಫೋನು ಮಾಡಿ ಇದನ್ನು ಓದಿ ಹೇಳಿದೆವು. ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿತು. ಮೂರು ವಾರ ಕಂಪ್ಯೂಟರ್ ಬಲ್ಲವರನ್ನು ಹುಡುಕಿದ ನಮಗೆ ಉತ್ತರ ಸಿಕ್ಕಿದ್ದು ನಾವು ಸಂಶಯಪಟ್ಟವರ ಜೇಬಿನಲ್ಲಿ. ಗುಮಾಸ್ತರ ಕ್ಷಮೆಯನ್ನು ಸಭೆಯಲ್ಲಿ ಕೇಳಿ ನಡವಳಿ ಪುಸ್ತಕದಲ್ಲಿ ಬರೆಸಿದ್ದೇವೆ. ಇಲ್ಲಿಯೂ ಕೇಳುತ್ತಿದ್ದೇವೆ.

ಕಾರಣ ಏನು

ವಿಷಯ ಕ್ಲಿಷ್ಟವಾಗಿ ಕಂಡರೂ ಲೆಕ್ಕ ಬಲ್ಲ ಬೆಳೆಗಾರರಿಗೆ ಅರ್ಥವಾಗದಂಥದ್ದಲ್ಲ.

ಎಕ್ಸೆಲ್‌ನಲ್ಲಿ ೩೨ ಬಿಟ್, ೬೪ ಬಿಟ್ ಎಂದು ಎರಡು ಬಗೆ. ೨೦೧೦ರ ಕಾಲದಲ್ಲಿ ಸಾಮಾನ್ಯವಾಗಿ ಹಾಕುತ್ತಿದ್ದುದು ೩೨ ಬಿಟ್. ಆಫೀಸ್ ೨೦೧೯ರಿಂದ ಈಚೆಗೆ ಬೇರೆ ಕೇಳದಿದ್ದರೆ ಬರುವುದು ೬೪ ಬಿಟ್. ಎಕ್ಸೆಲ್ ಕಡತದೊಳಗೆ ಬರೆದ ಮ್ಯಾಕ್ರೋಗಳು ಕೆಲವೊಮ್ಮೆ ವಿಂಡೋಸ್‌ನಿಂದ ನೇರವಾಗಿ ಸಹಾಯ ಪಡೆಯುತ್ತವೆ. ಫಾರಮಿನ ಪಟ್ಟಿಯನ್ನು ಮೌಸಿನ ಚಕ್ರದಿಂದ ಸರಿಸುವ ಸೌಕರ್ಯ ಮ್ಯಾಕ್ರೋ ಫಾರಂಗಳಲ್ಲಿ ತಾನಾಗಿ ಇರುವುದಿಲ್ಲ. ನಮ್ಮ ಗುಮಾಸ್ತರಿಗೆ ಅನುಕೂಲವಾಗಲೆಂದು ಆ ಹುಡುಗ ವಿಂಡೋಸ್ ನೆರವು ಪಡೆದು ಅದನ್ನು ಸೇರಿಸಿದ್ದ. ಹಾಗೆ ನೆರವು ಪಡೆಯುವಾಗ ಎರಡೂ ಕಡೆಯವರು ನೆನಪಿನ ಕೋಶದ ವಿಳಾಸಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ೩೨ ಬಿಟ್ಟಿನಲ್ಲಿ ಆ ವಿಳಾಸಕ್ಕೆ ೪ ಬೈಟ್ ಜಾಗ ಸಾಕು. ೬೪ ಬಿಟ್ಟಿನಲ್ಲಿ ೮ ಬೈಟ್ ಬೇಕು.

ಖಾತೆ ಪುಸ್ತಕಕ್ಕೆ ಹೋಲಿಸಿ ನೋಡಿ. ಖಾತೆ ಸಂಖ್ಯೆಗೆ ನಾಲ್ಕು ಅಂಕಿಯ ಕಾಲಂ ಹಾಕಿಸಿದ ಹಳೆಯ ಪುಸ್ತಕ. ಈಗ ಖಾತೆ ಸಂಖ್ಯೆಗಳು ಎಂಟು ಅಂಕಿಯವಾಗಿವೆ. ಗುಮಾಸ್ತ ಕೊನೆಯ ನಾಲ್ಕಂಕಿ ಮಾತ್ರ ಬರೆದುಕೊಂಡರೆ ಹಣ ಯಾರದೋ ಖಾತೆಗೆ ಹೋಗುತ್ತದೆ. ಎಂಟರಲ್ಲಿ ಮೊದಲ ನಾಲ್ಕೂ ಸೊನ್ನೆಯಾಗಿದ್ದರೆ ಆ ದಿನ ಸರಿಹೋದಂತೆ ಕಾಣುತ್ತದೆ. ಫಾರಂ ಒಂದು ಹೊತ್ತು ನಡೆದು ಇನ್ನೊಂದು ಹೊತ್ತು ಬೀಳುವುದು ಹೀಗೆ. ಇಲ್ಲದ ಜಾಗವನ್ನು ಮುಟ್ಟಲು ಹೋದ ಎಕ್ಸೆಲನ್ನು ವಿಂಡೋಸ್ ಅಲ್ಲೇ ಮುಚ್ಚಿಸುತ್ತದೆ.

ಇದಕ್ಕೆ ಪರಿಹಾರ ಎರಡು ಹೆಜ್ಜೆಯದು. ವಿಂಡೋಸ್ ನೆರವು ಕೇಳುವ "ಡಿಕ್ಲೇರ್" ಸಾಲುಗಳಿಗೆ "ಪಿಟಿಆರ್‌ಸೇಫ್" ಎಂಬ ಪದ ಸೇರಿಸಬೇಕು. ವಿಳಾಸ ಇಡುವ ಕಡೆಯೆಲ್ಲ "ಲಾಂಗ್" ಎಂದಿದ್ದುದನ್ನು "ಲಾಂಗ್‌ಪಿಟಿಆರ್" ಎಂದು ಬದಲಿಸಬೇಕು. ಮೊದಲನೆಯದು ಮಾತ್ರ ಮಾಡಿದರೆ ಎಚ್ಚರಿಕೆಯ ಸೂಚನೆ ಬಾಯಿ ಮುಚ್ಚುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ನಮ್ಮಲ್ಲಿ ಆದದ್ದು ಅದು. ಕ್ಯಾಲೆಂಡರಿನ ವಿಷಯ ಬೇರೆ: ಹಳೆಯ ದಿನಾಂಕ ಆರಿಸುವ ಕಂಟ್ರೋಲಿಗೆ ೬೪ ಬಿಟ್ ಆವೃತ್ತಿ ಇಲ್ಲವೇ ಇಲ್ಲ. ಅದನ್ನು ಬಿಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಡಿಸೆಂಬರ್ ೨೨ರಂದು ಗೋಣಿಚೀಲದ ಹಿಂದಿದ್ದ ಹಳೆಯ ಯಂತ್ರವನ್ನು ಧೂಳು ಕೊಡವಿ ಹೊರತಂದು, ಇಂಟರ್‌ನೆಟ್ ಸಂಪರ್ಕ ಕೊಡದೆ ಕೌಂಟರಿನಲ್ಲಿಟ್ಟು ಉಳಿದ ಕೊಯ್ಲು ಮುಗಿಸಿದೆವು. ಫೆಬ್ರವರಿಯಲ್ಲಿ ಫಾರಂ ಪೂರ್ತಿ ರಿಪೇರಿಯಾಯಿತು. ಚಕ್ರ ತಿರುಗಿಸುವ ಸೌಕರ್ಯವನ್ನೇ ಕಿತ್ತು ಹಾಕಿಸಿದ್ದೇವೆ. ಸದಸ್ಯರ ಸಂಖ್ಯೆ ಟೈಪು ಮಾಡುವುದು ನಮ್ಮವರಿಗೆ ಕಷ್ಟವೇನಲ್ಲ.

ಬೀಳದೆ ತಪ್ಪುವ ಫಾರಂ

ಫಾರಂ ಬಿದ್ದರೆ ನಾಲ್ಕು ಜನಕ್ಕೆ ಕಾಣುತ್ತದೆ. ಬೀಳದೆ ತಪ್ಪು ಲೆಕ್ಕ ಬರೆಯುವ ಫಾರಂ ಅದಕ್ಕಿಂತ ಕೆಟ್ಟದ್ದು. ನಮಗೆ ಅದೂ ಆಯಿತು.

ಕ್ಯಾಲೆಂಡರಿನ ಬದಲು ದಿನಾಂಕವನ್ನು ಕೈಯಲ್ಲಿ ಬರೆಯುವ ಚೌಕ ಬಂದಿತೆಂದೆವಷ್ಟೆ. ಹೊಸ ಯಂತ್ರದ ಪ್ರದೇಶ ವ್ಯವಸ್ಥೆ ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮವರು ಡಿಸೆಂಬರ್ ೫ಕ್ಕೆ ೦೫-೧೨-೨೦೨೫ ಎಂದು ಬರೆದರು. ಯಂತ್ರ ಅದನ್ನು ೨೦೨೫ರ ಮೇ ೧೨ ಎಂದು ಓದಿತು. ೧೩ನೆಯ ತಾರೀಖಿನಿಂದ ಮುಂದೆ ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಅದು ತಾನಾಗಿ ತಿರುಗಿಸಿಕೊಂಡು ಸರಿಯಾಗಿ ಓದಿತು. ಆದ್ದರಿಂದ ೧ರಿಂದ ೧೧ರವರೆಗಿನ ತಾರೀಖುಗಳು ಮಾತ್ರ ತಪ್ಪಿದವು. ೧೨-೧೨ ಹೇಗೆ ಓದಿದರೂ ಒಂದೇ.

ಫೆಬ್ರವರಿಯಲ್ಲಿ ಬಡ್ಡಿಯ ತಃಖ್ತೆ ತೆಗೆದಾಗ ಇದು ಕಣ್ಣಿಗೆ ಬಿತ್ತು. ಡಿಸೆಂಬರ್ ೫ರ ಮುಂಗಡ ಮೇ ೧೨ರದ್ದೆಂದು ದಾಖಲಾದರೆ ೨೦೭ ದಿನದ ಬಡ್ಡಿ ಹೆಚ್ಚಿಗೆ ಬೀಳುತ್ತದೆ. ಶೇಕಡ ೧೨ರ ದರ ಹಿಡಿದರೆ ೫೦,೦೦೦ ರೂಪಾಯಿಗೆ ಅದು ಸುಮಾರು ೩,೪೦೦ ರೂಪಾಯಿ ಆಗುತ್ತದೆ. ಕೊಡಬೇಕಾಗಿಲ್ಲದ ಹಣ. ತೂಕದ ಚೀಟಿಗಳನ್ನೆಲ್ಲ ತೆಗೆದು ಒಂದೊಂದಾಗಿ ತಾಳೆ ನೋಡಿ, ತಿದ್ದಿದ ಮೇಲೆಯೇ ತಮಗೆ ಲೆಕ್ಕದ ಕಾಗದ ಕಳಿಸಿದ್ದೇವೆ. ಆದರೂ ತಮ್ಮ ಕಾಗದದಲ್ಲಿ ತಾರೀಖು ತಪ್ಪಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ತಂದು ತೋರಿಸಬೇಕು. ಈಗ ಫಾರಮಿನಲ್ಲಿ ದಿನ, ತಿಂಗಳು, ವರ್ಷಕ್ಕೆ ಮೂರು ಬೇರೆ ಬೇರೆ ಚೌಕಗಳಿವೆ. ಯಂತ್ರ ಯಾವ ದೇಶದ ರೀತಿ ಹಿಡಿದರೂ ತಪ್ಪುವಂತಿಲ್ಲ.

ಮನೆಯಲ್ಲಿ ಎಕ್ಸೆಲ್ ಇಟ್ಟವರಿಗೆ

ಚೆಕ್‌ರೋಲನ್ನೂ ಗೊಬ್ಬರದ ಲೆಕ್ಕವನ್ನೂ ಎಕ್ಸೆಲ್‌ನಲ್ಲಿ ಇಟ್ಟುಕೊಂಡಿರುವ ಸದಸ್ಯರು ನಮ್ಮಲ್ಲಿ ಈಗ ಅನೇಕರಿದ್ದಾರೆ. ಹೊಸ ಯಂತ್ರ ತಂದ ಮೇಲೆ ಫಾರಂ ತೊಂದರೆ ಕೊಟ್ಟರೆ ಗಾಬರಿಯಾಗಿ ಎಲ್ಲವನ್ನೂ ಅಳಿಸಬೇಡಿ. ಮೊದಲು ಕಡತದ ಒಂದು ನಕಲು ತೆಗೆದು ಪಕ್ಕಕ್ಕಿಡಿ. ಆಮೇಲೆ ಈ ಕ್ರಮದಲ್ಲಿ ನೋಡಿ.

ಒಂದು: ಎಕ್ಸೆಲ್‌ನ "ಫೈಲ್", "ಅಕೌಂಟ್", "ಅಬೌಟ್ ಎಕ್ಸೆಲ್" ಎಂಬಲ್ಲಿ ೩೨ ಬಿಟ್ಟೋ ೬೪ ಬಿಟ್ಟೋ ಎಂದು ಬರೆದಿರುತ್ತದೆ. ಹಳೆಯ ಫಾರಂ ತಿದ್ದುವವರು ಸಿಗದಿದ್ದರೆ ೬೪ ಬಿಟ್ ಆಫೀಸನ್ನು ತೆಗೆದು ೩೨ ಬಿಟ್ಟಿನದನ್ನು ಹಾಕಿಸಬಹುದು. ವಿಂಡೋಸ್ ೬೪ ಬಿಟ್ ಆಗಿದ್ದರೂ ಅಡ್ಡಿಯಿಲ್ಲ. ಲೈಸೆನ್ಸು ಎರಡಕ್ಕೂ ಒಂದೇ.

ಎರಡು: ಮ್ಯಾಕ್ರೋ ಬರೆಯುವ ಕಿಟಕಿಯಲ್ಲಿ "ಟೂಲ್ಸ್", "ರೆಫರೆನ್ಸಸ್" ತೆರೆದರೆ, ಹೊಸ ಯಂತ್ರದಲ್ಲಿ ಸಿಗದ ವಸ್ತುವಿನ ಮುಂದೆ "ಮಿಸ್ಸಿಂಗ್" ಎಂದಿರುತ್ತದೆ. ಒಂದು ಸಿಗದಿದ್ದರೂ ಸಂಬಂಧವಿಲ್ಲದ ಸಾಲುಗಳಲ್ಲಿ ತಪ್ಪು ತೋರಿಸಿ ದಾರಿ ತಪ್ಪಿಸುತ್ತದೆ.

ಮೂರು: ಕಡತವನ್ನು ಈಮೇಲಿನಲ್ಲಿ ಕಳಿಸಿಕೊಂಡು ಇಳಿಸಿಕೊಂಡಿದ್ದರೆ, ೨೦೨೨ರಿಂದ ಬಂದ ನಿಯಮದಂತೆ ಅದರ ಮ್ಯಾಕ್ರೋಗಳು ನಡೆಯುವುದಿಲ್ಲ. ಕಡತದ ಮೇಲೆ ಬಲ ಗುಂಡಿ ಒತ್ತಿ "ಪ್ರಾಪರ್ಟೀಸ್"ನಲ್ಲಿ "ಅನ್‌ಬ್ಲಾಕ್" ಗುರುತು ಹಾಕಬೇಕು. ಸ್ವಂತ ಕಡತವೆಂದು ಖಾತ್ರಿ ಇದ್ದರೆ ಮಾತ್ರ. ಯಾರೋ ಕಳಿಸಿದ ಗುರುತಿಲ್ಲದ ಕಡತಕ್ಕೆ ಹೀಗೆ ಮಾಡಿದರೆ ಮನೆಗೆ ಕಳ್ಳನನ್ನು ಕರೆದಂತೆ.

ನಾಲ್ಕು: ಹಾಳೆಯ ಮೇಲೆಯೇ ಕೂರಿಸಿದ ಗುಂಡಿಗಳು ಒತ್ತಿದರೂ ಮಿಸುಕದಿದ್ದರೆ ಅವು ಆಕ್ಟಿವ್‌ಎಕ್ಸ್ ಗುಂಡಿಗಳಿರಬಹುದು. ಆಫೀಸ್ ೨೦೨೪ರಲ್ಲಿ ಅವುಗಳನ್ನು ಮೊದಲಿನಿಂದಲೇ ನಿಲ್ಲಿಸಿಟ್ಟಿರುತ್ತಾರೆ. ಮೈಕ್ರೋಸಾಫ್ಟ್ ೩೬೫ರಲ್ಲಿ ಇದು ೨೦೨೫ರ ಏಪ್ರಿಲ್‌ನಿಂದ ಬಂತು. ಅವುಗಳ ಬದಲು "ಫಾರಂ ಕಂಟ್ರೋಲ್" ಗುಂಡಿ ಹಾಕಿಸಿದರೆ ನಡೆಯುತ್ತದೆ.

ಐದು: ಕನ್ನಡ ಹೆಸರುಗಳು ಅರ್ಥವಿಲ್ಲದ ಗುರುತುಗಳಾಗಿ ಕಂಡರೆ ಕಡತ ಕೆಟ್ಟಿಲ್ಲ. ಹಿಂದೆ ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೆಯೇ ಕಾಣುತ್ತದೆ. ಫಾಂಟ್ ಹಾಕಿಸಿದರೆ ಓದಬಹುದು. ಆದರೆ ಹಳೆಯ ಹೆಸರು ಹಳೆಯ ರೀತಿಯಲ್ಲಿ, ಹೊಸ ಹೆಸರು ಯೂನಿಕೋಡಿನಲ್ಲಿ ಇದ್ದರೆ ಒಬ್ಬನೇ ಮನುಷ್ಯ ಎಕ್ಸೆಲಿಗೆ ಇಬ್ಬರಾಗುತ್ತಾನೆ, ಮೊತ್ತ ಸೇರುವುದಿಲ್ಲ. ಒಮ್ಮೆ ಕೂತು ಎಲ್ಲವನ್ನೂ ಯೂನಿಕೋಡಿಗೆ ಬದಲಿಸುವುದೇ ಕ್ಷೇಮ.

ಇವೆಲ್ಲಕ್ಕಿಂತ ಮೇಲಾದದ್ದು ಗುಮಾಸ್ತರ ಪದ್ಧತಿ. ಬಿದ್ದಾಗಲೆಲ್ಲ ಏನು ಮಾಡುತ್ತಿದ್ದಾಗ ಬಿತ್ತೆಂದು ಬರೆದಿಡಿ. ಹತ್ತು ಸಲದ ಟಿಪ್ಪಣಿ ಇದ್ದರೆ ರಿಪೇರಿ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಅಭಿಪ್ರಾಯ

ಈ ಪ್ರಕರಣದ ಮೇಲೆ ಸದಸ್ಯರಲ್ಲಿ ಎರಡು ಪಕ್ಷವಾಗಿದೆ. ಮೊದಲ ಪಕ್ಷದವರು ಹಿರಿಯರು. "ಕಂಪ್ಯೂಟರ್ ತೆಗೆದುಹಾಕಿ, ಖಾತೆ ಪುಸ್ತಕ ತನ್ನಿ" ಎನ್ನುತ್ತಾರೆ. ಅವರ ಮಾತಿನ ಹಿಂದಿನ ನೋವು ನಮಗೆ ತಿಳಿಯುತ್ತದೆ. ಆದರೆ ಖಾತೆ ಪುಸ್ತಕದ ಕಾಲವನ್ನು ಕಂಡವರು ನಾವೂ ಹೌದು. ಕಾಫಿಯೆಲ್ಲ ಪೂಲಿಗೆ ಹೋಗುತ್ತಿದ್ದಾಗ ಸಂಘದ ಲೆಕ್ಕ ಇಷ್ಟು ತೊಡಕಿನದಾಗಿರಲಿಲ್ಲ. ೧೯೯೬ರ ಹೊತ್ತಿಗೆ ಪೂಲಿಂಗ್ ಪೂರ್ತಿ ಹೋದ ಮೇಲೆ ದಿನದಿನದ ದರ, ದಿನದಿನದ ಮುಂಗಡ, ಸದಸ್ಯರು ಮಾರಿಸುವ ದಿನವೂ ಬೇರೆ ಬೇರೆ. ಇದನ್ನು ಕೈಯಲ್ಲಿ ಬರೆದು ಮಾರ್ಚ್ ೩೧ಕ್ಕೆ ಮುಗಿಸುವಷ್ಟು ಗುಮಾಸ್ತರು ನಮ್ಮಲ್ಲಿಲ್ಲ.

ಎರಡನೆಯ ಪಕ್ಷದವರು ತರುಣರು. "ಎಕ್ಸೆಲ್ ಬಿಟ್ಟು ದೊಡ್ಡ ಸಾಫ್ಟ್‌ವೇರ್ ಕೊಳ್ಳಿ" ಎನ್ನುತ್ತಾರೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ ೨೦೨೨ರ ಜೂನ್‌ನಲ್ಲಿ ೨,೫೧೬ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮದು ಮಾರಾಟದ ಸಂಘವಾದ್ದರಿಂದ ಆ ಯೋಜನೆಯ ನೆರಳು ನಮ್ಮ ಮೇಲೆ ಬೀಳುವುದಿಲ್ಲ. ಕೊಂಡರೆ ಸ್ವಂತ ಹಣದಿಂದಲೇ ಕೊಳ್ಳಬೇಕು. ಮುಂದೊಂದು ದಿನ ಕೊಳ್ಳೋಣ, ಬೇಡವೆನ್ನುವುದಿಲ್ಲ. ಆದರೆ ಹದಿನಾಲ್ಕು ವರ್ಷ ನಡೆದ ಫಾರಂ ಒಳಗೆ ಏನಿದೆಯೆಂದು ಒಮ್ಮೆಯೂ ಬರೆದಿಡದ ನಾವು, ದೊಡ್ಡ ಸಾಫ್ಟ್‌ವೇರನ್ನೂ ಹಾಗೆಯೇ ಇಟ್ಟುಕೊಳ್ಳುತ್ತೇವೆ. ಅದೂ ಒಂದು ದಿನ ಬೀಳುತ್ತದೆ. ಆಗ ಫೋನು ಮಾಡಲು ಊರಿನ ಹುಡುಗನೂ ಇರುವುದಿಲ್ಲ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಐದು ನಿಯಮಗಳನ್ನು ಮಂಡಿಸಲಿದ್ದೇವೆ.

೧. ನವೆಂಬರ್ ೧ರಿಂದ ಮಾರ್ಚ್ ೩೧ರವರೆಗೆ ಕಛೇರಿಯ ಯಂತ್ರಗಳನ್ನಾಗಲಿ ಆಫೀಸ್ ಸಾಫ್ಟ್‌ವೇರನ್ನಾಗಲಿ ಬದಲಿಸಬಾರದು. ಮಳೆಗಾಲದಲ್ಲಿ ಬದಲಿಸಿ, ಹಿಂದಿನ ವರ್ಷದ ನೂರು ಚೀಟಿಗಳನ್ನು ತುಂಬಿ ಪರೀಕ್ಷಿಸಬೇಕು. ಒಂದು ಹಳೆಯ ಯಂತ್ರವನ್ನು ಪೂರ್ತಿ ಒಂದು ಕೊಯ್ಲು ಉಳಿಸಿಕೊಳ್ಳಬೇಕು.

೨. ಫಾರಂ ಪುಸ್ತಕವೆಂದು ಒಂದು ದಾಖಲೆ ಇಡಬೇಕು. ಯಾವ ಫಾರಂ, ಯಾರು ಮಾಡಿದ್ದು, ಯಾವಾಗ ಯಾರು ಏನು ತಿದ್ದಿದರು ಎಂಬುದೆಲ್ಲ ಅದರಲ್ಲಿರಬೇಕು. ಮೂಲ ನಕಲು, ಗುಪ್ತಪದದ ಸಮೇತ, ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿಯಲ್ಲಿರಬೇಕು.

೩. ಫಾರಮಿನ ಒಳಗನ್ನು ಕನಿಷ್ಠ ಇಬ್ಬರು ಸಿಬ್ಬಂದಿ ತಿಳಿದಿರಬೇಕು. ಅವರ ಕಲಿಕೆಗೆ ಸಂಘ ಖರ್ಚು ಮಾಡಬೇಕು. ಹೊರಗಿನಿಂದ ಬಂದು ತಿದ್ದುವವರಿಗೂ ಸರಿಯಾದ ಸಂಭಾವನೆ ಕೊಡಬೇಕು. ಎರಡು ಕಿಲೋ ಕಾಫಿಪುಡಿಯ ಕಾಲ ಮುಗಿಯಿತು.

೪. ಪ್ರತಿದಿನ ಸಂಜೆ ಕಾಟಾದ ಚೀಟಿಗಳ ಸಂಖ್ಯೆಯನ್ನೂ ಒಟ್ಟು ತೂಕವನ್ನೂ ಎಕ್ಸೆಲ್ ಹಾಳೆಯೊಡನೆ ತಾಳೆ ನೋಡಿ, ಮುದ್ರಿಸಿ, ರುಜು ಹಾಕಿ ಫೈಲಿಗೆ ಸೇರಿಸಬೇಕು. ಇದಕ್ಕೆ ಹತ್ತು ನಿಮಿಷ ಸಾಕು. ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಲೆಕ್ಕ ಪರಿಶೋಧಕರು ಬಂದಾಗ "ಎಕ್ಸೆಲ್ ಮುಚ್ಚಿಕೊಂಡಿತು" ಎಂಬ ಉತ್ತರ ನಡೆಯುವುದಿಲ್ಲ.

೫. ಕಂಪ್ಯೂಟರ್ ನಡೆಯಲಿ ಬಿಡಲಿ, ಸದಸ್ಯರ ಕೈಯಲ್ಲಿರುವ ತೂಕದ ಚೀಟಿಯೇ ಮುಂಗಡಕ್ಕೆ ಸಾಕಾದ ಆಧಾರ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಯಾರನ್ನೂ ಹಿಂದೆ ಕಳಿಸಬಾರದು.

ಐದನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಅದನ್ನು ಬರೆಯುವಾಗ ಚೀಟಿ ಹಿಡಿದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದ ಆ ತಾಯಿಯ ಮುಖ ಕಣ್ಣ ಮುಂದಿತ್ತು. ಅವರು ಸದಸ್ಯತ್ವ ಬಿಟ್ಟಿಲ್ಲ. ಮುಂದಿನ ಕೊಯ್ಲಿಗೆ ಅವರ ಚೀಲಗಳು ಪುನಃ ನಮ್ಮ ಕಾಟಾದ ಮೇಲೆ ಬಂದರೆ ಫಾರಂ ರಿಪೇರಿಯಾಯಿತೆಂದು ನಾವು ಒಪ್ಪುತ್ತೇವೆ. ಬಾರದಿದ್ದರೆ, ಎಕ್ಸೆಲ್ ಎಷ್ಟೇ ಚೆನ್ನಾಗಿ ನಡೆಯಲಿ, ರಿಪೇರಿ ಇನ್ನೂ ಬಾಕಿ ಇದೆಯೆಂದೇ ಲೆಕ್ಕ.

ತಾವೆಲ್ಲರೂ ಸಭೆಗೆ ಬಂದು, ಈ ನಿಯಮಗಳನ್ನು ತಿದ್ದಬೇಕಾದಲ್ಲಿ ತಿದ್ದಿ, ಒಪ್ಪಿಗೆ ಕೊಡಬೇಕೆಂದು ಕೋರುತ್ತೇವೆ. ಬರುವಾಗ ಕಳೆದ ಕೊಯ್ಲಿನ ತೂಕದ ಚೀಟಿಗಳನ್ನೂ ಲೆಕ್ಕದ ಕಾಗದವನ್ನೂ ಮರೆಯದೆ ತನ್ನಿ.

— ಕಾರ್ಯದರ್ಶಿ